ಮಳೆ ಹಿಡಿಯುವ ಮನೆಯಲ್ಲಿ ಒಂದು ವಾರ

ಪಾಂತೆಲೆರಿಯ ದ್ವೀಪದ ವಿಲ್ಲಾ ಜಾಹೀರಾತುಗಳನ್ನು ಹತ್ತು ಓದಿದವರು ಹನ್ನೊಂದನೆಯದನ್ನು ತಾವೇ ಬರೆಯಬಹುದು. ಕಪ್ಪು ಲಾವಾ ಕಲ್ಲಿನ ದಪ್ಪ ಗೋಡೆ, ಮೇಲೆ ಬಿಳಿ ಗುಮ್ಮಟ, ಕಡಲಿಗೆ ಮುಖಮಾಡಿದ ಈಜುಕೊಳ, ಚಪ್ಪರದಡಿ ಊಟದ ಮೇಜು, ಹೇಳಿದರೆ ಮನೆಗೇ ಬಂದು ಅಡುಗೆ ಮಾಡಿ ಬಡಿಸುವ ಬಾಣಸಿಗ. ಜಾಹೀರಾತು ಇಂಗ್ಲಿಷಿನಲ್ಲಿರಲಿ, ಫ್ರೆಂಚಿನಲ್ಲಿರಲಿ, ಜರ್ಮನ್‌ನಲ್ಲಿರಲಿ, ಒಂದು ಪದ ಮಾತ್ರ ಅನುವಾದವಾಗದೆ ಹಾಗೇ ಉಳಿದಿರುತ್ತದೆ: ದಮ್ಮೂಸೊ. ‘ಮನೆ’ ಎಂದರೆ ಬಾಡಿಗೆಗೆ ತೂಕ ಸಾಲದು. ಬರೀ ‘ವಿಲ್ಲಾ’ ಎಂದರೆ ಮೆಡಿಟರೇನಿಯನ್ನಿನ ಇನ್ನೊಂದು ದ್ವೀಪಕ್ಕೂ ಇದಕ್ಕೂ ವ್ಯತ್ಯಾಸವೇನೆಂದು ಗಿರಾಕಿ ಕೇಳುತ್ತಾನೆ. ಆದ್ದರಿಂದ ಸ್ಥಳೀಯ ಪದ ಹಾಗೇ ಇರಲಿ, ಅದೇ ಒಂದು ಒಡವೆ.

ಇದನ್ನು ಕನ್ನಡದಲ್ಲಿ ಬರೆಯಲು ಹೊರಟವರು ಬೇರೆ ಎರಡು ಪದಗಳ ಬಳಿ ನಿಲ್ಲಬೇಕಾಗುತ್ತದೆ. ‘ಲಕ್ಷುರಿ’ಗೆ ‘ಐಷಾರಾಮಿ’ ಕೈಗೆ ಸಿಗುತ್ತದೆ. ‘ರಗಡ್’ ಎಂಬುದಕ್ಕೆ ಒರಟು, ಕಡಿದು, ಬರಡು ಎಂದೆಲ್ಲ ಹುಡುಕಬೇಕು. ಉತ್ತರ ಕರ್ನಾಟಕದವರ ಕಿವಿಗಂತೂ ಆ ಇಂಗ್ಲಿಷ್ ಪದ ಬೇರೆಯೇ ಕೇಳುತ್ತದೆ. ಅವರ ‘ರಗಡ’ ಎಂದರೆ ಬೇಕಾದಷ್ಟು, ಧಾರಾಳ. ಆ ಅರ್ಥದಲ್ಲಿ ಪಾಂತೆಲೆರಿಯದಲ್ಲಿ ರಗಡ ಇರುವುದು ಎರಡೇ: ಕಲ್ಲು ಮತ್ತು ಗಾಳಿ. ಇಲ್ಲದಿರುವುದು ನೀರು. ದಮ್ಮೂಸೊ ಎಂಬ ಮನೆ ಹುಟ್ಟಿದ್ದು ಆ ಎರಡು ಇದ್ದುದರಿಂದ, ಈ ಒಂದು ಇಲ್ಲದ್ದರಿಂದ.

*

ದ್ವೀಪ ಇಟಲಿಯದು, ಆಡಳಿತ ಸಿಸಿಲಿಯ ತ್ರಾಪಾನಿ ಪ್ರಾಂತ್ಯದ್ದು. ಆದರೆ ಸಿಸಿಲಿ ಸುಮಾರು 100 ಕಿಲೋಮೀಟರ್ ದೂರವಿದ್ದರೆ, ಟುನೀಷಿಯಾ ಸುಮಾರು 70. ವಿಸ್ತೀರ್ಣ 83 ಚದರ ಕಿಲೋಮೀಟರ್. ನಡುವೆ 836 ಮೀಟರ್ ಎತ್ತರದ ಮೊಂತಾಞಾ ಗ್ರಾಂದೆ, ಅಂದರೆ ‘ದೊಡ್ಡ ಬೆಟ್ಟ’. ಇಡೀ ದ್ವೀಪವೇ ಒಂದು ಜ್ವಾಲಾಮುಖಿಯ ತಲೆ. 1891ರಲ್ಲಿ ವಾಯವ್ಯ ತೀರದಾಚೆ ಸಮುದ್ರದ ತಳದಲ್ಲಿ ಕೊನೆಯ ಬಾರಿ ಸ್ಫೋಟವಾಯಿತು. ಇಂದಿಗೂ ಬೆಟ್ಟದ ಬಿರುಕುಗಳಿಂದ ಬಿಸಿ ಹಬೆ ಏಳುತ್ತದೆ, ದಡದ ಕಲ್ಲುಗಳ ನಡುವೆ ಬಿಸಿನೀರು ಜಿನುಗುತ್ತದೆ. ಮರಳ ತೀರವಿಲ್ಲ. ಹೊಳೆಯಿಲ್ಲ. ಕುಡಿಯುವ ನೀರಿನ ಚಿಲುಮೆಯಿಲ್ಲ.

ಪುಣೆಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬ ಇಲ್ಲಿಗೆ ಒಂದು ವಾರದ ರಜೆಗೆ ಹೋಗಿದೆ ಎಂದಿಟ್ಟುಕೊಳ್ಳಬಹುದು. ಗಂಡ, ಹೆಂಡತಿ, ಜೊತೆಗೆ ವಿಜಯಪುರ ಬಿಟ್ಟು ಬಂದು ಮಗನ ಮನೆಯಲ್ಲಿರುವ ತಾಯಿ. ಮುಂಬೈಯಿಂದ ಮಿಲಾನ್ ಅಥವಾ ರೋಮ್, ಅಲ್ಲಿಂದ ಬೇಸಿಗೆಯಲ್ಲಾದರೆ ನೇರ ವಿಮಾನ, ಇಲ್ಲವಾದರೆ ಪಲೇರ್ಮೊ ಸುತ್ತಿ ಬರಬೇಕು. ಗಾಳಿ ಎದ್ದರೆ ವಿಮಾನವೂ ಇಲ್ಲ, ಹಡಗೂ ಇಲ್ಲ, ಕಾಯಬೇಕು. ಇಳಿದ ಮೇಲೆ ಮೊದಲು ಕಾಣುವ ಬಂದರಿನ ಊರು ಜಾಹೀರಾತಿನಂತಿಲ್ಲ. ಸಾಧಾರಣ ಕಾಂಕ್ರೀಟ್ ಕಟ್ಟಡಗಳ ಸಾಲು. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು ಸಿಸಿಲಿಗೆ ಇಳಿಯುವ ಮುನ್ನ ಈ ದ್ವೀಪದ ಮೇಲೆ ವಾರಗಟ್ಟಲೆ ಬಾಂಬು ಸುರಿದವು. 1943ರ ಜೂನ್ 11ರಂದು ದ್ವೀಪ ಶರಣಾಯಿತು. ಹಳೆಯ ಊರು ಆ ಹೊತ್ತಿಗೆ ನೆಲಸಮವಾಗಿತ್ತು. ಹೀಗಾಗಿ ‘ಹಳೆಯ ಪಾಂತೆಲೆರಿಯ’ವನ್ನು ನೋಡಬೇಕಾದರೆ ಊರು ಬಿಟ್ಟು ಹೊಲಕ್ಕೆ ಹೋಗಬೇಕು. ದಮ್ಮೂಸೊಗಳಿರುವುದು ಅಲ್ಲಿ.

ದಾರಿಯ ಫಲಕಗಳಲ್ಲಿ ಇಟಾಲಿಯನ್‌ಗೆ ಒಗ್ಗದ ಹೆಸರುಗಳು ಬರುತ್ತವೆ: ಖಮ್ಮ, ಗದೀರ್, ಬುಕ್ಕುರಾಮ್, ರೆಖಾಲೆ, ಬುಗೆಬೆರ್. ಒಂಬತ್ತನೆಯ ಶತಮಾನದಲ್ಲಿ ಬಂದ ಅರಬ್ಬರ ಆಳ್ವಿಕೆ ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ನರು ಬರುವವರೆಗೆ ನಡೆಯಿತು. ಆಳಿದವರು ಹೋದರು, ಹೊಲದ ಹೆಸರುಗಳು ಹೋಗಲಿಲ್ಲ. ಗದೀರ್ ಎಂದರೆ ಅರಬಿಯಲ್ಲಿ ನೀರು ನಿಂತ ಮಡು. ಬುಕ್ಕುರಾಮ್‌ನಲ್ಲಿ ದ್ರಾಕ್ಷಿತೋಟಕ್ಕಿರುವ ‘ಕರ್ಮ್’ ಎಂಬ ಅರಬಿ ಪದ ಅಡಗಿದೆ ಎನ್ನುತ್ತಾರೆ. ಪ್ರವಾಸಿ ಕೈಪಿಡಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಂತೆಲೆರಿಯ ಎಂಬುದೇ ‘ಬಿಂತ್ ಅಲ್ ರಿಯಾಹ್’, ಅಂದರೆ ‘ಗಾಳಿಯ ಮಗಳು’ ಎಂಬ ಅರಬಿ ಮಾತಿನಿಂದ ಬಂದದ್ದು ಎಂದು ಬರೆಯುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಅರಬ್ ಭೂಗೋಳಕಾರರು ದ್ವೀಪವನ್ನು ಕರೆದದ್ದು ಕೌಸರಾ ಎಂದು. ರೋಮನ್ನರ ‘ಕೊಸ್ಸೀರಾ’ ಅವರ ಬಾಯಲ್ಲಿ ಹಾಗಾಗಿತ್ತು. ಗಾಳಿಯ ಮಗಳು ಜಾಹೀರಾತಿಗೆ ಹತ್ತಿರದವಳು.

ಕಡಲ ದಡಕ್ಕೆ ಹೋಗಿ ನಿಂತ ತಾಯಿ ಮೊದಲ ಸಂಜೆಯೇ ಮಗನನ್ನು ಕೇಳಿಯಾಳು: “ಇಷ್ಟ್ ರೊಕ್ಕಾ ಕೊಟ್ಟು ಉಸುಕಿಲ್ಲದ ಸಮುದ್ರಕ್ಕ ಬಂದೀವೇನಪಾ?” ಮಗ ಕರಿಕಲ್ಲಿನ ಕಮಾನು ತೋರಿಸುತ್ತಾನೆ. ಆನೆಯೊಂದು ಸೊಂಡಿಲು ಇಳಿಬಿಟ್ಟು ಕಡಲ ನೀರು ಕುಡಿಯುವಂತೆ ಕಾಣುವ ಅದು ದ್ವೀಪದ ಪ್ರಸಿದ್ಧ ದೃಶ್ಯ. ಕುಡಿಯಲು ಉಪ್ಪುನೀರೊಂದೇ ಇರುವ ಊರಿನಲ್ಲಿ ಆನೆಗೂ ಅದೇ ಗತಿ.

*

ಮನೆಯನ್ನು ಮೂವರಲ್ಲಿ ಚೆನ್ನಾಗಿ ಓದಬಲ್ಲವಳು ಆ ತಾಯಿಯೇ. ಗೋಡೆಗಳು ಒಂದು ಮೀಟರಿಗೂ ದಪ್ಪ. ಹೊಲ ಹಸನು ಮಾಡುವಾಗ ಕಿತ್ತ ಕಲ್ಲನ್ನೇ ಜೋಡಿಸಿ ಕಟ್ಟಿದವು. ಹೊರಮೈ, ಒಳಮೈ ಎರಡು ಸಾಲು ಕಲ್ಲು, ನಡುವೆ ಜಲ್ಲಿಯ ತುಂಬು. ಕಿಟಕಿ ಸಣ್ಣದು. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ತಂಪು. ನಡುಮನೆಯ ಗೋಡೆಯೊಳಗೆ ಮಂಚದಷ್ಟೇ ಅಗಲದ ಗೂಡು, ಅಲ್ಲಿ ಹಾಸಿಗೆ. ಅದಕ್ಕೆ ಇಲ್ಲಿಯವರ ಹೆಸರು ‘ಅರ್ಕೋವ’. ಗುಮ್ಮಟಕ್ಕಿರುವ ‘ಅಲ್ ಕುಬ್ಬಾ’ ಎಂಬ ಅರಬಿ ಪದ ಸ್ಪೇನಿನ ಮೂಲಕ ಯುರೋಪಿನ ಭಾಷೆಗಳಿಗೆ ಬಂದು ಹೀಗೆ ಮಲಗುವ ಮೂಲೆಯಾಯಿತು.

ಬಾಗಿಲ ಹೊರಗೆ ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆ. ಸಂಜೆ ಕೂರಲು, ಕೇಪರ್ ಹರವಲು, ಬಂದವರನ್ನು ಕೂರಿಸಲು. ಅದರ ಹೆಸರು ‘ದುಕ್ಕೇನ’. ಇದೂ ಅರಬಿಯದು. ‘ದುಕ್ಕಾನ್’ ಎಂದರೆ ಮೊದಲು ಕಟ್ಟೆ. ಕಟ್ಟೆಯ ಮೇಲೆ ಸಾಮಾನು ಹರವಿ ಮಾರತೊಡಗಿದ ಮೇಲೆ ಅದು ಅಂಗಡಿ. ಎರಡನೆಯ ಅರ್ಥ ಪಾರ್ಸಿಯ ಬೆನ್ನೇರಿ ದಖ್ಖನ್ನಿಗೆ ಬಂತು. ವಿಜಯಪುರದ ಓಣಿಯಲ್ಲಿ ‘ದುಕಾನಕ್ಕ ಹೋಗಿ ಬೆಲ್ಲಾ ತಗೊಂಬಾ’ ಎಂದು ಮಗನನ್ನು ಅಟ್ಟಿದ ತಾಯಿ ಈಗ ಆ ಪದದ ಹಳೆಯ ಅರ್ಥದ ಮೇಲೆ ಕಾಲುಚಾಚಿ ಕೂತಿದ್ದಾಳೆ. ಅವಳ ಪಾಲಿಗೆ ಅದು ಕಟ್ಟೆ, ಅಷ್ಟೇ. ಅವಳು ಹೇಳುವುದೇ ಸರಿ.

ಇನ್ನು ಚಾವಣಿ. ದೂರದಿಂದ ಚೆಲುವಿಗೆಂದು ಕಟ್ಟಿದಂತೆ ಕಾಣುವ ಆ ಬಿಳಿ ಗುಮ್ಮಟಕ್ಕೆ ಎರಡು ಕೆಲಸ. ಒಂದು, ತೊಲೆಯಿಲ್ಲದೆ ಕೋಣೆ ಮುಚ್ಚುವುದು. ಎರಡು, ಮಳೆ ಹಿಡಿಯುವುದು. ಗುಮ್ಮಟದ ಸುತ್ತ ತಗ್ಗು, ಅಂಚಿನಲ್ಲಿ ದಂಡೆ. ಬಿದ್ದ ಹನಿ ಹೊರಗೆ ಹಾರುವ ಹಾಗಿಲ್ಲ. ಕಾಲುವೆಯಲ್ಲಿ ಇಳಿದು ನೆಲದಡಿಯ ತೊಟ್ಟಿಗೆ ಸೇರಬೇಕು. ಬೆಂಗಳೂರಿನವರ ಬಾಯಲ್ಲಿ ಹೇಳಿದರೆ ಸಂಪು. ನೀರು ಸೋರದಂತೆ ಜ್ವಾಲಾಮುಖಿಯ ಬೂದಿಗಲ್ಲಿನ ಪುಡಿಗೆ ಸುಣ್ಣ ಬೆರೆಸಿ ಮೇಲೆ ಹಾಕಿ ಮರದ ಕೊಡತಿಯಿಂದ ಕುಟ್ಟುತ್ತಿದ್ದರು, ಗಟ್ಟಿಯಾಗುವವರೆಗೂ ಕುಟ್ಟುತ್ತಿದ್ದರು. ನಮ್ಮ ಹಳೆಯ ಮನೆಗಳ ಗಚ್ಚುಗಾರೆಯ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. “ಗಾರೆ ಕುಟ್ಯಾರ ನೋಡು,” ಎಂದು ಆಕೆ ಸೊಸೆಗೆ ತೋರಿಸಿಯಾಳು. “ಕಲ್ಲ ರಗಡ ಅದಾವ, ನೀರಿಗೆ ಮಾಳಿಗೀನ ಗತಿ.”

ಸುಣ್ಣ ಬಳಿದ ಬಿಳುಪಿಗೂ ಕಾರಣ ಅದೇ. ಬಿಸಿಲನ್ನು ಹಿಂದಕ್ಕೆ ಕಳಿಸುವುದರ ಜೊತೆಗೆ ಸುಣ್ಣ ನೀರನ್ನೂ ಶುಚಿಯಾಗಿಡುತ್ತದೆ. ಇಲ್ಲಿ ಅಂದಕ್ಕೆಂದು ಮಾಡಿದ್ದು ಬಹಳ ಕಡಿಮೆ. ಅಂದ ಕೆಲಸದ ಜೊತೆಗೆ ಬಂದದ್ದು.

ದಮ್ಮೂಸೊ ಎಂಬ ಪದದ ಹಿಂದೆಯೂ ಇಂಥದೇ ಬಡತನವಿದೆ. ಅದು ಲ್ಯಾಟಿನ್ನಿನ ‘ದೋಮುಸ್’ನಿಂದ, ಅಂದರೆ ಮನೆಯಿಂದ ಬಂತೆನ್ನುವವರಿದ್ದಾರೆ. ಕಮಾನಿನ ಚಾವಣಿಗಿರುವ ‘ದಾಮೂಸ್’ ಎಂಬ ಅರಬಿ ಪದದಿಂದ ಬಂತೆನ್ನುವವರೂ ಇದ್ದಾರೆ. ಸಿಸಿಲಿಯ ಹಳೆಯ ಬಳಕೆಯಲ್ಲಂತೂ ಅದಕ್ಕೆ ನೆಲಮಾಳಿಗೆ, ಸೆರೆಮನೆಯ ಕತ್ತಲಕೋಣೆ ಎಂಬ ಅರ್ಥಗಳಿದ್ದವು. ಪಾಂತೆಲೆರಿಯ ಸ್ವತಃ ಗಡೀಪಾರಿನ ದ್ವೀಪವಾಗಿತ್ತು. ಮುಸೊಲಿನಿಯ ಆಡಳಿತ ತನ್ನ ವಿರೋಧಿಗಳಲ್ಲಿ ಕೆಲವರನ್ನು ಇಲ್ಲಿಗೂ ತಂದುಬಿಟ್ಟಿತ್ತು. ಕತ್ತಲಕೋಣೆಯಾಗಿದ್ದ ಪದ ರೈತನ ಮನೆಯಾಗಿ, ರೈತನ ಮನೆ ವಾರದ ಬಾಡಿಗೆಯ ವಿಲ್ಲಾ ಆಗಿದೆ. ಪದಗಳ ಅರ್ಥ ಏರುವುದೂ ಇಳಿಯುವುದೂ ಹೊಸದಲ್ಲ. ಇಷ್ಟು ಎತ್ತರಕ್ಕೆ ಏರಿದ್ದು ಅಪರೂಪ.

*

ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ, ಪ್ರತಿ ಮೆಟ್ಟಿಲಿಗೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ಹೊಲದಲ್ಲಿ ದ್ರಾಕ್ಷಿ. ಆದರೆ ನಾಸಿಕ್ ದಾರಿಯಲ್ಲಿ ಕಾಣುವ ಹಂದರದ ದ್ರಾಕ್ಷಿಯಲ್ಲ. ನೆಲದಲ್ಲಿ ಒಂದು ಗುಳಿ, ಗುಳಿಯೊಳಗೆ ಮೊಣಕಾಲೆತ್ತರದ ಗಿಡ. ಗಾಳಿ ಮೇಲಿಂದ ಹಾದುಹೋಗುತ್ತದೆ, ಇಬ್ಬನಿ ಗುಳಿಯಲ್ಲಿ ಇಳಿಯುತ್ತದೆ. ಆಲಿವ್ ಮರಗಳನ್ನು ಸಹ ಗಾಳಿಗೆ ಹೆದರಿ ನೆಲಕ್ಕೆ ಬಗ್ಗಿಸಿ ಬೆಳೆಸುತ್ತಾರೆ. ಕಾಯಿ ಕೀಳಬೇಕಾದರೆ ಮಂಡಿಯೂರಬೇಕು. ಯಂತ್ರ ಇಳಿಯುವ ಜಾಗವಲ್ಲ, ಎಲ್ಲ ಕೈಕೆಲಸ. ಈ ಬಗೆಯ ದ್ರಾಕ್ಷಿ ಕೃಷಿಯನ್ನು ಯುನೆಸ್ಕೊ 2014ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳ ಒಣಗಲ್ಲಿನ ಗೋಡೆ ಕಟ್ಟುವ ಕಲೆ 2018ರಲ್ಲಿ ಅದೇ ಪಟ್ಟಿ ಸೇರಿತು. 2016ರಲ್ಲಿ ದ್ವೀಪದ ಬಹುಭಾಗ ರಾಷ್ಟ್ರೀಯ ಉದ್ಯಾನವಾಯಿತು.

ದ್ರಾಕ್ಷಿಯ ಹೆಸರು ‘ಜಿಬಿಬ್ಬೊ’. ಅರಬಿಯಲ್ಲಿ ‘ಜಬೀಬ್’ ಎಂದರೆ ಒಣದ್ರಾಕ್ಷಿ. ಆಗಸ್ಟಿನಲ್ಲಿ ಕಿತ್ತ ಗೊಂಚಲುಗಳನ್ನು ಬಿಸಿಲಲ್ಲಿ ಹರವಿ ಒಣಗಿಸುತ್ತಾರೆ. ಅದರಿಂದ ಪಸ್ಸೀತೊ ಎಂಬ ಜೇನಿನ ಬಣ್ಣದ ಸಿಹಿ ವೈನ್ ಆಗುತ್ತದೆ. ಒಣದ್ರಾಕ್ಷಿಯ ಊರಿನಿಂದ ಬಂದ ತಾಯಿಗೆ ಈ ದೃಶ್ಯ ಮನೆಯದೇ. ವಿಜಯಪುರದಲ್ಲಿ ಷೆಡ್ಡಿನ ನೆರಳಲ್ಲಿ ಬಲೆಗಳ ಮೇಲೆ ಒಣಗಿಸುತ್ತಾರೆ, ಇಲ್ಲಿ ಬಯಲ ಬಿಸಿಲಿಗೆ, ಅಷ್ಟೇ ವ್ಯತ್ಯಾಸ. ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಇನ್ನೊಂದು ವ್ಯತ್ಯಾಸ ಹಲ್ಲಿಗೆ ಸಿಗುತ್ತದೆ: ಬೀಜ. ಈ ಬೀಜದ ಕಥೆಯಲ್ಲೇ ದ್ವೀಪದ ಅರ್ಧ ಕಥೆಯಿದೆ. ಜಗತ್ತಿನ ಮಾರುಕಟ್ಟೆ ಬೀಜವಿಲ್ಲದ ದ್ರಾಕ್ಷಿಗೆ ಒಲಿದಾಗ ಬೀಜವಿರುವ ಜಿಬಿಬ್ಬೊ ಕೇಳುವವರು ಕಡಿಮೆಯಾದರು. ವಿಜಯಪುರ ಒಣದ್ರಾಕ್ಷಿಗೆ ಹೆಸರಾದದ್ದು ಅದೇ ಬೀಜವಿಲ್ಲದ ತಳಿಗಳಿಂದ. ಒಂದೂರಿನವರಿಗೆ ಬಂದ ಸುಗ್ಗಿ ಇನ್ನೊಂದೂರಿನವರಿಗೆ ಬರವಾಗಿ ಬರಬಹುದು ಎಂಬುದು ಎರಡೂ ಊರಿನ ರೈತರಿಗೆ ಗೊತ್ತಿರಲಿಕ್ಕಿಲ್ಲ.

ಗೋಡೆಯ ಬಿರುಕಿನಲ್ಲಿ, ಹೊಲದ ಅಂಚಿನಲ್ಲಿ ಕೇಪರ್. ತಿನ್ನುವುದು ಅದರ ಹೂವಿನ ಮೊಗ್ಗು, ಅರಳುವ ಮುಂಚೆ. ಬೇಸಿಗೆಯುದ್ದಕ್ಕೂ ಬೆಳಗಿನ ತಂಪಿನಲ್ಲಿ ಬೆನ್ನು ಬಗ್ಗಿಸಿ ಒಂದೊಂದಾಗಿ ಕೀಳಬೇಕು. ವಾರ ಹತ್ತು ದಿನ ಬಿಟ್ಟು ಅದೇ ಗಿಡಕ್ಕೆ ಮತ್ತೆ ಬರಬೇಕು. ಕಿತ್ತದ್ದನ್ನು ಕಡಲುಪ್ಪಿನಲ್ಲಿ ಹಾಕಿ ದಿನಗಟ್ಟಲೆ ಮಗುಚುತ್ತಾರೆ. ಮೊಗ್ಗು ಸಣ್ಣದಿದ್ದಷ್ಟೂ ಬೆಲೆ ಜಾಸ್ತಿ. ಮಿಡಿ ಉಪ್ಪಿನಕಾಯಿ ಹಾಕುವ ಮನೆಗಳಲ್ಲೂ ಅದೇ ಲೆಕ್ಕ. 1996ರಿಂದ ಪಾಂತೆಲೆರಿಯದ ಕೇಪರ್‌ಗೆ ಯುರೋಪಿನ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆಲೂಗಡ್ಡೆ, ಟೊಮೆಟೊ, ಈರುಳ್ಳಿ, ಆಲಿವ್, ಮೇಲೆ ಒಂದು ಹಿಡಿ ಕೇಪರ್: ಇದು ಇಲ್ಲಿಯ ಸಲಾಡ್. ಮೀನು ಮಾಂಸ ಮುಟ್ಟದ ತಾಯಿಯ ಊಟದ ಚಿಂತೆ ಇದರಿಂದ ಅರ್ಧ ತೀರುತ್ತದೆ.

ಹೊಲದ ನಡುವೆ ಅಲ್ಲಲ್ಲಿ ಬಾವಿಯ ಕಟ್ಟೆಯನ್ನು ನೆಲದ ಮೇಲೆತ್ತಿ ಇಟ್ಟಂಥ ದುಂಡು ಕಲ್ಗೋಡೆ, ಎರಡಾಳೆತ್ತರ, ಚಾವಣಿಯಿಲ್ಲ, ಒಂದು ಪುಟ್ಟ ಬಾಗಿಲು. ಇದನ್ನು ‘ಪಾಂತೆಲೆರಿಯದ ತೋಟ’ ಎನ್ನುತ್ತಾರೆ. ಹೆಸರು ತೋಟ, ಒಳಗಿರುವುದು ಬಹಳ ಸಲ ಒಂದೇ ಒಂದು ಕಿತ್ತಳೆ ಅಥವಾ ನಿಂಬೆ ಮರ. ಗೋಡೆ ಗಾಳಿಯನ್ನು ತಡೆಯುತ್ತದೆ, ನೆರಳು ಕೊಡುತ್ತದೆ, ರಾತ್ರಿಯ ತೇವವನ್ನು ಕಲ್ಲಿನ ಸಂದಿಗಳಲ್ಲಿ ಹಿಡಿದು ಬೇರಿಗೆ ಇಳಿಸುತ್ತದೆ. ನೀರು ಹನಿಸುವವರಿಲ್ಲದೆ ಮರ ಬದುಕುತ್ತದೆ. ಖಮ್ಮದಲ್ಲಿರುವ ಇಂಥ ಒಂದನ್ನು ದೊನ್ನಾಫುಗಾತ ಎಂಬ ವೈನ್ ಮನೆತನ 2008ರಲ್ಲಿ ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆಗೆ ದಾನ ಮಾಡಿತು, ಈಗ ಹೋಗಿ ನೋಡಬಹುದು. ಇಟಾಲಿಯನ್‌ನಲ್ಲಿ ಕಿತ್ತಳೆಗೆ ‘ಅರಾಂಚ’. ಅದರ ಹಿಂದೆ ಅರಬಿಯ ‘ನಾರಂಜ್’, ಅದರ ಹಿಂದೆ ಪಾರ್ಸಿಯ ‘ನಾರಂಗ್’, ಅದರ ಹಿಂದೆ ಸಂಸ್ಕೃತದ ‘ನಾರಂಗ’. ಆ ಸಂಸ್ಕೃತ ಪದವೂ ದ್ರಾವಿಡ ಮೂಲದ್ದಿರಬೇಕು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಹಣ್ಣೂ ಹೆಸರೂ ಇಷ್ಟು ದೂರ ನಡೆದು ಬಂದು, ಒಂದು ಮರಕ್ಕೆ ಒಂದು ಕೋಟೆ ಕಟ್ಟುವ ಜನರ ಕೈ ಸೇರಿದವು.

*

ಇಂಥ ಮನೆ ವಿಲ್ಲಾ ಆದದ್ದು ಹೇಗೆ? ಹೊಲದ ದುಡಿಮೆ ಸಾಲದಾದಾಗ ಜನ ದ್ವೀಪ ಬಿಟ್ಟರು. ಒಂದು ಕಾಲಕ್ಕೆ ದ್ವೀಪವನ್ನೇ ಹೊದ್ದುಕೊಂಡಿದ್ದ ದ್ರಾಕ್ಷಿಯಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. ಬಿಟ್ಟುಹೋದ ದಮ್ಮೂಸೊಗಳನ್ನು ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಉತ್ತರ ಇಟಲಿಯ ಹಣವಂತರು, ಕಲಾವಿದರು, ವಾಸ್ತುಶಿಲ್ಪಿಗಳು ಕೊಂಡರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ವಸ್ತ್ರವಿನ್ಯಾಸಕಾರ ಜೋರ್ಜೊ ಅರ್ಮಾನಿ ದಶಕಗಳ ಕಾಲ ಬೇಸಿಗೆ ಕಳೆದದ್ದು ಗದೀರಿನ ಬಳಿಯ ದಮ್ಮೂಸೊಗಳಲ್ಲಿ. ಫ್ರೆಂಚ್ ನಟಿ ಕರೋಲ್ ಬೂಕೆ ಇಲ್ಲಿ ದ್ರಾಕ್ಷಿ ಬೆಳೆದು ಪಸ್ಸೀತೊ ಮಾಡಿಸುತ್ತಾರೆ. ದೊಡ್ಡವರನ್ನು ನೋಡಿ ಉಳಿದವರು ಬಂದರು, ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಕತ್ತೆ ಕಟ್ಟುತ್ತಿದ್ದ ಕೋಣೆ ಎರಡನೆಯ ಮಲಗುವ ಕೋಣೆಯಾಯಿತು, ದ್ರಾಕ್ಷಿ ಹರವುತ್ತಿದ್ದ ಅಂಗಳ ಈಜುಕೊಳವಾಯಿತು.

ಈ ಹಣವನ್ನು ಹಳಿಯುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ಅದು ಬಾರದಿದ್ದರೆ ಎಷ್ಟೋ ಗುಮ್ಮಟಗಳು ಕುಸಿದು ಕಲ್ಲುಗುಪ್ಪೆಯಾಗುತ್ತಿದ್ದವು. ಬೀಗ ಹಾಕಿದ ಮನೆಗಿಂತ ಬಾಡಿಗೆಯ ಮನೆ ಗಟ್ಟಿಯಾಗಿ ನಿಂತಿರುತ್ತದೆ. ಕಲ್ಲುಗೋಡೆ ಕಟ್ಟಬಲ್ಲ ಮೇಸ್ತ್ರಿಗೆ, ಬಟ್ಟೆ ಒಗೆಯುವವರಿಗೆ, ಕೇಪರ್ ಮಾರುವವಳಿಗೆ ನಾಲ್ಕು ಕಾಸು ಸಿಗುವುದು ಇದರಿಂದಲೇ.

ಲೆಕ್ಕ ತಪ್ಪುವುದು ನೀರಿನಲ್ಲಿ. 100 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ 400 ಮಿಲಿಮೀಟರ್ ಮಳೆಯಾಯಿತೆಂದು ಹಿಡಿದರೆ, ಒಂದು ಹನಿಯೂ ಪೋಲಾಗದಿದ್ದರೂ ತೊಟ್ಟಿ ಸೇರುವುದು 40,000 ಲೀಟರ್. ಒಂದು ಮನೆ ಅಷ್ಟರಲ್ಲಿ ಕುಡಿದು, ಬೇಯಿಸಿ, ತೊಳೆದು, ಕತ್ತೆಗೂ ಕುಡಿಸಬೇಕಿತ್ತು. 10 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳಕ್ಕೆ ಬೇಕಾಗುವುದು 60,000 ಲೀಟರ್. ಚಾವಣಿ ಒಂದೂವರೆ ವರ್ಷ ಹಿಡಿದದ್ದನ್ನು ಅಂಗಳದ ಕೊಳ ಒಂದೇ ಸಲಕ್ಕೆ ಕುಡಿಯುತ್ತದೆ. ಬಿಸಿಲೂ ಗಾಳಿಯೂ ಸೇರಿ ಆವಿಯಾಗಿಸುವುದನ್ನು ಆಗಾಗ ತುಂಬಿಸುವ ಲೆಕ್ಕ ಬೇರೆ. ಹಾಗಾದರೆ ನೀರು ಎಲ್ಲಿಂದ? ಕಡಲ ನೀರಿನ ಉಪ್ಪು ತೆಗೆಯುವ ಸ್ಥಾವರಗಳಿಂದ. ಅದಕ್ಕೆ ಬೇಕಾದ ವಿದ್ಯುತ್ ಬಹುಪಾಲು ಹಡಗಿನಲ್ಲಿ ಬರುವ ಡೀಸೆಲ್ ಸುಟ್ಟು. ಹನಿ ಮಳೆಯನ್ನು ಬಿಡದ ಚಾವಣಿಯ ಪಕ್ಕದಲ್ಲಿ ಡೀಸೆಲ್ಲಿನಿಂದ ಮಾಡಿದ ನೀರು ತುಂಬಿ ತುಳುಕುತ್ತದೆ. ಟ್ಯಾಂಕರಿಗೆ ಕಾದು ಬೇಸಿಗೆ ಕಳೆಯುವ ಚೆನ್ನೈ, ಹೈದರಾಬಾದಿನ ಅಪಾರ್ಟ್‌ಮೆಂಟಿನವರಿಗೆ ಈ ಚಿತ್ರ ಅಪರಿಚಿತವಲ್ಲ.

2015ರಲ್ಲಿ ಬಂದ ಲೂಕಾ ಗ್ವಾದಾಞಿನೊ ನಿರ್ದೇಶನದ ‘ಎ ಬಿಗ್ಗರ್ ಸ್ಪ್ಲಾಷ್’ ಚಿತ್ರ ನಡೆಯುವುದು ಇಂಥದೇ ಕೊಳದ ದಡದಲ್ಲಿ. ರಾಕ್ ಗಾಯಕಿಯೊಬ್ಬಳು ಗಂಟಲಿಗೆ ವಿಶ್ರಾಂತಿ ಕೊಡಲು ಪಾಂತೆಲೆರಿಯಕ್ಕೆ ಬಂದಿದ್ದಾಳೆ. ಹಳೆಯ ಪ್ರೇಮಿ ಹೇಳದೆ ಕೇಳದೆ ಬಂದಿಳಿಯುತ್ತಾನೆ. ಕೊಳದಲ್ಲಿ ಒಂದು ಸಾವಾಗುತ್ತದೆ. ಕಥೆಯ ಅಂಚಿನಲ್ಲಿ ಟುನೀಷಿಯಾದಿಂದ ದೋಣಿಯಲ್ಲಿ ಬಂದ ವಲಸಿಗರಿದ್ದಾರೆ, ಅನುಮಾನದ ಬೆರಳು ಅವರ ಕಡೆಗೆ ತಿರುಗುತ್ತದೆ. ಇದು ಬರೀ ಸಿನಿಮಾದ ಕಲ್ಪನೆಯಲ್ಲ. ಜಾಹೀರಾತಿನ ಸೂರ್ಯಾಸ್ತದ ಚಿತ್ರದಲ್ಲಿ ಕಾಣುವ ಅದೇ ಕಡಲನ್ನು ಸಣ್ಣ ದೋಣಿಗಳಲ್ಲಿ ದಾಟಿ ಜನ ಇಲ್ಲಿಗೆ ಬರುತ್ತಲೇ ಇರುತ್ತಾರೆ. ಒಂದೇ ನೀರಿಗೆ ಒಬ್ಬರು ವೀಸಾ ಹಿಡಿದು ಮುಖಮಾಡಿ ಕೂರುತ್ತಾರೆ, ಇನ್ನೊಬ್ಬರು ಜೀವ ಹಿಡಿದು ಇಳಿಯುತ್ತಾರೆ.

ದ್ವೀಪದಲ್ಲೇ ಹುಟ್ಟಿದವರ ಪಾಡೂ ಸುಲಭದ್ದಲ್ಲ. ಹೆರಿಗೆಗೆ ಗರ್ಭಿಣಿಯರು ಕಡಲು ದಾಟಿ ಸಿಸಿಲಿಗೆ ಹೋಗಬೇಕೆ ಎಂಬ ಪ್ರಶ್ನೆ ಇಲ್ಲಿ ವರ್ಷಗಟ್ಟಲೆ ಜನರನ್ನು ಕಾಡಿದೆ. ಬಾಣಂತನಕ್ಕೆ ತವರಿಗೆ ಹೋಗುವುದು ಗೊತ್ತಿರುವ ತಾಯಿಗೆ, ಹೆರಲು ಇರುವ ಊರನ್ನೇ ಬಿಡಬೇಕಾದ ಪಾಡು ಹೇಳಿದರೆ ಅರ್ಥವಾಗುತ್ತದೆ. ಅತಿಥಿಗೆ ಬೇಕೆಂದಾಗ ವಿಮಾನ, ಬಸುರಿಗೆ ಹವಾಮಾನ ನೋಡಿ ಪ್ರಯಾಣ.

2022ರ ಆಗಸ್ಟಿನಲ್ಲಿ ದ್ವೀಪಕ್ಕೆ ಕಾಳ್ಗಿಚ್ಚು ಬಿತ್ತು. ಗಾಳಿ ಅದನ್ನು ಮನೆಗಳ ಕಡೆಗೆ ತಂದಿತು. ಅರ್ಮಾನಿಯೂ ಸೇರಿದಂತೆ ಅನೇಕರು ರಾತ್ರೋರಾತ್ರಿ ಮನೆ ಬಿಟ್ಟು ಹೋಗಬೇಕಾಯಿತು. ಬೆಂಕಿಗೆ ಹಲವು ಕಾರಣಗಳಿರಬಹುದು. ಉಳುಮೆಯಿಲ್ಲದೆ ಬಿಟ್ಟ ಮೆಟ್ಟಿಲು ಹೊಲಗಳಲ್ಲಿ ಬೆಳೆದು ಒಣಗಿದ ಪೊದೆ ಮಾತ್ರ ಎಲ್ಲಿಯೇ ಆಗಲಿ ಬೆಂಕಿಗೆ ಮೇವು. ದ್ರಾಕ್ಷಿಯ ಗುಳಿ ತೋಡಿ ಕಳೆ ಕಿತ್ತ ಹೊಲ ಬೆಂಕಿಗೆ ಬೇಲಿ. ವಿಲ್ಲಾವನ್ನು ಕಾಯುವುದು ಕೇವಲ ಅದರ ಮೀಟರ್ ದಪ್ಪದ ಗೋಡೆಯಲ್ಲ, ಅದರ ಸುತ್ತಲಿನ ಹೊಲದಲ್ಲಿ ಬೆನ್ನು ಬಗ್ಗಿಸಿದವನು ಕೂಡ.

*

‘ಐಷಾರಾಮ’ ಎಂಬ ಪದವನ್ನು ಬಿಡಿಸಿದರೆ ಎರಡು ತುಂಡು. ‘ಆರಾಮ್’ ಪಾರ್ಸಿಯದು, ವಿಶ್ರಾಂತಿ ಎಂದರ್ಥ. ‘ಐಷ್’ ಅರಬಿಯದು. ಮೋಜು, ಸುಖ ಎಂಬ ಅರ್ಥ ನಮ್ಮವರೆಗೆ ಬಂದದ್ದು. ಅರಬಿಯಲ್ಲಿ ಅದರ ಮೂಲಾರ್ಥ ಬದುಕು, ಜೀವನ. ಈಜಿಪ್ಟಿನ ಜನರ ಬಾಯಲ್ಲಿ ಅದೇ ಪದಕ್ಕೆ ರೊಟ್ಟಿ ಎಂಬ ಅರ್ಥ. ಬದುಕೆಂದರೆ ರೊಟ್ಟಿ. ದಮ್ಮೂಸೊ ಕಟ್ಟಿದವನಿಗೆ ಗೊತ್ತಿದ್ದ ಐಷ್ ಅದು: ತೊಟ್ಟಿಯಲ್ಲಿ ಬೇಸಿಗೆ ಕಳೆಯುವಷ್ಟು ನೀರು, ಗೂಡಿನಲ್ಲಿ ಒಂದು ಹಾಸಿಗೆ, ಗೋಡೆಯೊಳಗೆ ಒಂದು ಕಿತ್ತಳೆ ಮರ. ವಾರದ ಬಾಡಿಗೆ ಕೊಟ್ಟವರಿಗೆ ಅಲ್ಲಿ ಸಿಗುವ ತಂಪು, ಮೌನ, ಬಿಳುಪು, ರುಚಿ ಎಲ್ಲವೂ ಆ ಹಳೆಯ ಐಷ್‌ನ ಉಳಿತಾಯದಿಂದ ತೆಗೆದದ್ದು. ಹೊಸದಾಗಿ ಸೇರಿಸಿದ್ದು ಈಜುಕೊಳ ಒಂದೇ.

ಇದರರ್ಥ ಹೋಗಬಾರದೆಂದಲ್ಲ. ಹೋಗುವವರು ಕೇಳಬಹುದಾದ ಪ್ರಶ್ನೆಗಳಿವೆ. ಮನೆಯ ತೊಟ್ಟಿ ಇನ್ನೂ ಬಳಕೆಯಲ್ಲಿದೆಯೆ? ಸುತ್ತಲಿನ ಹೊಲದಲ್ಲಿ ಯಾರಾದರೂ ಬೇಸಾಯ ಮಾಡುತ್ತಾರೆಯೆ? ಕಲ್ಲಿನ ದಡಗಳೂ ಗದೀರಿನ ಬಿಸಿನೀರ ಗುಂಡಿಗಳೂ ನಡೆದು ಹೋಗುವಷ್ಟು ದೂರದಲ್ಲಿರುವಾಗ ಕೊಳವಿಲ್ಲದ ಮನೆ ಸಾಲದೆ? ಆಗಸ್ಟಿನ ಜಾತ್ರೆ ಬಿಟ್ಟು ಮೇ ತಿಂಗಳಲ್ಲೋ ಅಕ್ಟೋಬರಿನಲ್ಲೋ ಹೋದರೆ ಬಾಡಿಗೆಯೂ ಕಡಿಮೆ, ದ್ವೀಪಕ್ಕೂ ಹಗುರ. ಕೇಪರನ್ನು ಮಿಲಾನಿನ ವಿಮಾನ ನಿಲ್ದಾಣದಲ್ಲಿ ಕೊಳ್ಳುವ ಬದಲು ಕಿತ್ತವರ ಕೈಯಿಂದಲೇ ಕೊಳ್ಳಬಹುದು. ಪುಣೆಯ ತಾಯಿಯಂತೂ ಎರಡು ಕಿಲೋ ಕಟ್ಟಿಸಿಕೊಂಡಾಳು, ಅಷ್ಟು ಉಪ್ಪೇಕೆ ಎಂದು ಸೊಸೆ ಕೇಳಿದರೆ ವರ್ಷಕ್ಕಾಗುತ್ತದೆ ಎಂದಾಳು.

ನವೆಂಬರಿನ ಹೊತ್ತಿಗೆ ವಿಲ್ಲಾಗಳು ಖಾಲಿ. ಕೊಳಗಳಿಗೆ ಹೊದಿಕೆ, ಚಪ್ಪರದ ಮೇಜುಗಳು ಒಳಗೆ. ಜಾಹೀರಾತುಗಳಲ್ಲಿ ಈ ತಿಂಗಳುಗಳ ಚಿತ್ರ ಇರುವುದಿಲ್ಲ. ಆದರೆ ಮನೆ ಕಟ್ಟಿದ್ದು ಈ ತಿಂಗಳುಗಳಿಗಾಗಿಯೇ. ಮೋಡ ಕಟ್ಟಿ ಮಳೆ ಗುಮ್ಮಟದ ಮೇಲೆ ಬೀಳುತ್ತದೆ, ತಗ್ಗಿಗಿಳಿಯುತ್ತದೆ, ದಂಡೆಯ ಗುಂಟ ಹರಿದು ಕಾಲುವೆಯ ಬಾಯಿಗೆ ಬರುತ್ತದೆ. ಅಲ್ಲಿ ಬೇಸಿಗೆಯ ಧೂಳು, ಒಣಗಿದ ಎಲೆ, ಹಕ್ಕಿಗೂಡಿನ ಕಡ್ಡಿ ಕಟ್ಟಿಕೊಂಡಿದ್ದರೆ ನೀರು ಹೊರಗೆ ಹರಿದುಹೋಗುತ್ತದೆ. ಅದನ್ನು ತೆಗೆಯುವ ಕೆಲಸ ದೊಡ್ಡದಲ್ಲ, ಐದು ನಿಮಿಷದ್ದು. ಮಳೆ ಬಂದ ರಾತ್ರಿ ಏಣಿ ಹಾಕಿ ಮೇಲೆ ಹತ್ತಲು ಆ ಊರಿನಲ್ಲಿ ಯಾರಾದರೂ ಉಳಿದಿರಬೇಕು, ಅಷ್ಟೇ.